ಕೆರೆ-ದಡದಿಂದ ಶುರು ಮಾಡಿ

ನಮ್ಮ ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ 26 ಮಕ್ಕಳು ಒಟ್ಟಿಗೆ ಕೂರುತ್ತಾರೆ. ದಿನಕ್ಕೆ ಎಷ್ಟು ಸಲ ‘ಸುಮ್ಮನಿರಿ’ ಎನ್ನುತ್ತೇನೆಂದು ಒಮ್ಮೆ ಹಲಗೆಯ ಮೂಲೆಯಲ್ಲಿ ಗೆರೆ ಹಾಕಿ ಎಣಿಸಿದೆ. ಬಿಸಿಯೂಟಕ್ಕೆ ಮೊದಲೇ ನಲವತ್ತು ದಾಟಿತ್ತು. ಸುಮ್ಮನಿರುವುದು ಹೇಗೆಂದು ಮಾತ್ರ ಒಂದು ದಿನವೂ ಕಲಿಸಿರಲಿಲ್ಲ. ಕೂಡುವ ಲೆಕ್ಕದಂತೆ ಇದನ್ನೂ ಕಲಿಸಬೇಕು, ಅದೂ ಮಗು ನಗುನಗುತ್ತ ಇರುವಾಗ.

ನೆಲದ ಮೇಲೆ ದೊಡ್ಡ ವೃತ್ತ ಬರೆಯಿರಿ. ಒಳಗೆ ಕೆರೆ, ಹೊರಗೆ ದಡ. ‘ಕೆರೆ’ ಎಂದರೆ ಒಳಕ್ಕೆ, ‘ದಡ’ ಎಂದರೆ ಹೊರಕ್ಕೆ ಹಾರಬೇಕು. ‘ದಡ, ದಡ’ ಎಂದು ಎರಡು ಸಲ ಕೂಗಿದಾಗ ಹಾರದೆ ನಿಲ್ಲುವುದೇ ಕಷ್ಟ; ಹೊರಟ ಕಾಲನ್ನು ಮನಸ್ಸು ಹಿಡಿಯಬೇಕು. ಒಂದು ವಾರದ ನಂತರ ನಿಯಮ ತಿರುಗಿಸಿ: ‘ಕೆರೆ’ ಎಂದರೆ ಹೊರಕ್ಕೆ. ತಪ್ಪಿದವರನ್ನು ಔಟ್ ಮಾಡಬೇಡಿ. ಹಿಡಿತ ಕಡಿಮೆಯಿರುವ ಮಗುವೇ ಮೊದಲು ಔಟಾಗಿ ಗೋಡೆಗೆ ಒರಗುತ್ತದೆ, ಅಭ್ಯಾಸ ಬೇಕಾದದ್ದೂ ಅದಕ್ಕೇ. ಆಟ ಮುಗಿದ ಮೇಲೆ, “ಕಾಲನ್ನು ಹೇಗೆ ತಡೆದೆ?” ಎಂದು ಕೇಳಿ. “ಹೆಬ್ಬೆರಳನ್ನು ನೆಲಕ್ಕೆ ಒತ್ತಿದೆ ಮಿಸ್” ಎಂದಳು ಎರಡನೇ ತರಗತಿಯ ಹುಡುಗಿ. ಈಗ ಸಾಲಿನಲ್ಲಿ ನಿಂತಾಗ ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ.

ಉಸಿರಿನ ಪಾಠಕ್ಕೆ ಕ್ಷೀರಭಾಗ್ಯದ ಹಾಲಿಗಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಬಿಸಿ ಲೋಟ ಹಿಡಿದು, ಹನಿಯೂ ಚೆಲ್ಲದಂತೆ, ಕೆನೆ ಮೆಲ್ಲಗೆ ಸರಿಯುವಂತೆ ಉದ್ದಕ್ಕೆ ಊದಬೇಕು. ಹೀಗೆ ಉಸಿರನ್ನು ನಿಧಾನವಾಗಿ ಬಿಟ್ಟಾಗ ಎದೆಬಡಿತ ಇಳಿಯುತ್ತದೆ. ಎರಡು ವಾರ ಲೋಟದೊಂದಿಗೆ, ಆಮೇಲೆ ಬರಿಗೈಯನ್ನೇ ಲೋಟದಂತೆ ಬಾಗಿಸಿ ಮಾಡಿಸಿ. ಜಗಳ ಹತ್ತಿದಾಗ ನಾನು ಹೇಳುವುದು ಇಷ್ಟೇ: “ಬಾ, ಹಾಲು ಆರಿಸೋಣ.” ಬಿಕ್ಕಿ ಅಳುತ್ತಿರುವ ಮಗುವಿಗೆ ಬುದ್ಧಿಮಾತು ಬೇಡ. ಪಕ್ಕದಲ್ಲಿ ಕುಳಿತು ನೀವೇ ಊದಿ.

ಕಾಯುವುದನ್ನು ಕಲಿಸುವ ಮೊದಲು ನೀವು ಕೊಟ್ಟ ಮಾತು ಉಳಿಸಿಕೊಳ್ಳಬೇಕು. 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನವೊಂದಿದೆ. ಹೊಸ ಬಣ್ಣ ತರುತ್ತೇನೆಂದು ಹೇಳಿ ತಂದುಕೊಟ್ಟವರನ್ನು ನಂಬಿ, ಪುಟ್ಟ ಮಕ್ಕಳು ಮುಂದಿಟ್ಟ ಒಂದು ಸಿಹಿಯನ್ನು ತಿನ್ನದೆ, ಎರಡನೆಯದಕ್ಕಾಗಿ ಸರಾಸರಿ 12 ನಿಮಿಷ ಕಾದರು. ಬರಿಗೈಯಲ್ಲಿ ಬಂದವರನ್ನು ಕಂಡ ಮಕ್ಕಳು ಕಾದದ್ದು ಮೂರೇ ನಿಮಿಷ. ಆದ್ದರಿಂದ ಸಾಲಿನ ಕೊನೆಯ ಮಗುವಿಗೂ ಲೋಟದಲ್ಲಿ ಅಷ್ಟೇ ಹಾಲು ಸಿಗಲಿ. ‘ನಾಳೆ ನಿನ್ನ ಸರದಿ’ ಎಂದಿದ್ದರೆ ಹೆಸರು ಬರೆದಿಡಿ. ನಾನು ಹಲಗೆಯ ಮೇಲೇ ಬರೆಯುತ್ತೇನೆ, ಅದನ್ನು ಒರೆಸುವ ಹಕ್ಕು ಆ ಮಗುವಿಗೆ ಮಾತ್ರ.

ಅವಸರ ಬೇಡ. ಸಿಟ್ಟಿಗೆ ಸ್ಲೇಟು ಬೀಸುತ್ತಿದ್ದ ಒಬ್ಬ ಹುಡುಗನಿಗೆ ಜೂನ್‌ನಿಂದ ದಸರಾ ರಜೆಯವರೆಗೆ ಸಮಯ ಹಿಡಿಯಿತು. ಈಗಲೂ ಅವನ ಕೈ ಒಮ್ಮೊಮ್ಮೆ ಮೇಲೇಳುತ್ತದೆ. ಆದರೆ ಸ್ಲೇಟನ್ನು ನನ್ನ ಮೇಜಿನ ಮೇಲಿಟ್ಟು, ಬೊಗಸೆ ಕಟ್ಟಿಕೊಂಡು ಕಿಟಕಿಯ ಬಳಿಗೆ ಹೋಗುತ್ತಾನೆ.