65 ಸಾವಿರಕ್ಕೆ ಗೇಮಿಂಗ್ ಪಿಸಿ: ಒಂದೊಂದು ಪಾರ್ಟ್ ಹೇಗೆ ಆರಿಸಿದೆ

2023ರಲ್ಲಿ ನಾನೇ ಪಾರ್ಟ್ ಆರಿಸಿ ಗೇಮಿಂಗ್ ಪಿಸಿ ಜೋಡಿಸಿದೆ. ಮಾನಿಟರ್ ಸೇರಿ 65 ಸಾವಿರ ದಾಟಬಾರದಿತ್ತು. ಕೀಬೋರ್ಡ್, ಮೌಸ್, ಯುಪಿಎಸ್ ಮನೆಯಲ್ಲೇ ಇದ್ದವು. ಈಗಲೂ ಗೆಳೆಯರು "ಲಿಸ್ಟ್ ಕಳಿಸು" ಅಂತ ಕೇಳುತ್ತಾರೆ. ಲಿಸ್ಟ್ ಕೊಡಬಹುದು, ಆದರೆ ಬೆಲೆ ತಿಂಗಳಿಗೊಂದು ಥರ ಇರುತ್ತದೆ, ಮಾಡೆಲ್ ಬದಲಾಗುತ್ತದೆ. ಯಾವುದನ್ನು ಮೊದಲು ಆರಿಸಬೇಕು, ಯಾವುದರಲ್ಲಿ ದುಡ್ಡು ಉಳಿಸಬೇಕು ಅನ್ನುವುದು ಗೊತ್ತಿದ್ದರೆ ಲಿಸ್ಟ್ ನೀವೇ ಮಾಡಿಕೊಳ್ಳಬಹುದು.

ಹೆಚ್ಚಿನವರು ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಮಾನಿಟರ್‌ನಿಂದ ಶುರು ಮಾಡಿದೆ. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿಯಲ್ಲಿ ಸುಮಾರು 37 ಲಕ್ಷ, 4ಕೆಯಲ್ಲಿ 83 ಲಕ್ಷ. ಪ್ರತಿ ಫ್ರೇಮ್‌ಗೂ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಬಿಡಿಸಬೇಕು. ಅಂದರೆ ಯಾವ ಕಾರ್ಡ್ ಬೇಕು ಅಂತ ಹೇಳುವುದು ಪರದೆ. ನಾನು ಜಾಸ್ತಿ ಆಡುವುದು ವ್ಯಾಲೊರಂಟ್ ಅನ್ನುವ ಶೂಟಿಂಗ್ ಆಟ, ಜೊತೆಗೆ ಜಿಟಿಎ 5 ಮತ್ತು ಫೋರ್ಜಾ ಹೊರೈಜನ್ 5. ಇದಕ್ಕೆ 24 ಇಂಚು, 1080ಪಿ, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ), ಐಪಿಎಸ್ (ಬಣ್ಣ ಚೆನ್ನಾಗಿ ತೋರಿಸುವ) ಪ್ಯಾನೆಲ್ ಸಾಕು ಅಂತ ತೀರ್ಮಾನಿಸಿದೆ. ಹತ್ತೂವರೆ ಸಾವಿರ ಅದಕ್ಕೆ ಹೋಯಿತು. 60 ಹರ್ಟ್ಸ್ ತಗೊಂಡಿದ್ದರೆ ಮೂರು ಸಾವಿರ ಉಳಿಯುತ್ತಿತ್ತು, ನಿಜ. ಆದರೆ ಶೂಟಿಂಗ್ ಆಟದಲ್ಲಿ 60ಕ್ಕೂ 144ಕ್ಕೂ ಇರುವ ವ್ಯತ್ಯಾಸ ಮೊದಲ ಪಂದ್ಯದಲ್ಲೇ ಕೈಗೆ ಗೊತ್ತಾಗುತ್ತದೆ.

ಆಮೇಲೆ ಗ್ರಾಫಿಕ್ಸ್ ಕಾರ್ಡ್. ಒಟ್ಟು ದುಡ್ಡಿನಲ್ಲಿ ಮೂರನೇ ಒಂದು ಪಾಲು ಇದಕ್ಕೇ ಅಂತ ಎತ್ತಿಟ್ಟಿದ್ದೆ. 21 ಸಾವಿರದ ಆಸುಪಾಸಿನಲ್ಲಿ ಎರಡು ಹೆಸರು ಎದುರಿಗಿದ್ದವು: ಎನ್ವಿಡಿಯಾದ ಆರ್‌ಟಿಎಕ್ಸ್ 3050, ಎಎಂಡಿಯ ಆರ್‌ಎಕ್ಸ್ 6600. ಎರಡಕ್ಕೂ 8 ಜಿಬಿ ಮೆಮೊರಿ. 3050ರಲ್ಲಿ ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ, ಹಿಗ್ಗಿಸಿ, ಆಟದ ವೇಗ ಹೆಚ್ಚಿಸುವ ತಂತ್ರ) ಇದೆ, ಸ್ಟ್ರೀಮಿಂಗ್‌ಗೆ ಒಳ್ಳೆಯ ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಭಾಗ) ಇದೆ, ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್‌ನಂಥ ಕೆಲಸಕ್ಕೂ ಅದೇ ಮೇಲು. ಆದರೆ ಸಾಮಾನ್ಯ ಆಟದಲ್ಲಿ 6600 ಸ್ಪಷ್ಟವಾಗಿ ಮುಂದೆ. ಇಷ್ಟು ಬಜೆಟ್‌ನ ಕಾರ್ಡ್‌ನಲ್ಲಿ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಬಿಡಿಸುವುದು) ಹಾಕಿಕೊಂಡು ಯಾರು ಆಡುತ್ತಾರೆ? ನನಗೆ ಆಡುವುದಷ್ಟೇ ಬೇಕಿತ್ತು, 6600 ತಗೊಂಡೆ. ನೀವು ವಿಡಿಯೊ ಎಡಿಟಿಂಗ್, ತ್ರೀಡಿ ಅಂತ ಮಾಡುವವರಾದರೆ ಎನ್ವಿಡಿಯಾ ಕಡೆಗೇ ಹೋಗಿ, ನಾನು ಬೇಡ ಅನ್ನುವುದಿಲ್ಲ.

ಐದಾರು ಸಾವಿರ ಕಡಿಮೆಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಸಿಗುತ್ತಿತ್ತು. ಹೆಸರು ನೋಡಿದರೆ 6600ರ ತಮ್ಮ ಅನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಇರುವುದು 4 ಜಿಬಿ ಮೆಮೊರಿ. ಮದರ್‌ಬೋರ್ಡ್‌ ಜೊತೆ ಮಾತಾಡಲು ಬರೀ ನಾಲ್ಕು ಪಿಸಿಐ ಎಕ್ಸ್‌ಪ್ರೆಸ್ ಲೇನ್, ಅಂದರೆ ಡೇಟಾ ಹೋಗುವ ದಾರಿ. ಜೆನ್ 4 (ಈ ಲೇನ್‌ಗಳ ಹೆಚ್ಚು ವೇಗದ ಹೊಸ ತಲೆಮಾರು) ಬೋರ್ಡ್‌ನಲ್ಲಿ ಹೇಗೋ ನಡೆಯುತ್ತದೆ, ಜೆನ್ 3 ಬೋರ್ಡ್‌ಗೆ ಹಾಕಿದರೆ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ. 6600ಗೆ ಎಂಟು ಲೇನ್, 8 ಜಿಬಿ. ಹಾಗಾಗಿ ಜೆನ್ 3 ಬೋರ್ಡ್‌ನಲ್ಲೂ ಅದರ ವೇಗ ಅಷ್ಟಾಗಿ ಇಳಿಯುವುದಿಲ್ಲ. ಈ ಒಂದು ವಿಷಯ ಗೊತ್ತಿದ್ದದ್ದರಿಂದ ಮದರ್‌ಬೋರ್ಡ್‌ನಲ್ಲಿ ದುಡ್ಡು ಉಳಿಸಲು ನನಗೆ ಧೈರ್ಯ ಬಂತು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೂಡ ನೋಡಿದೆ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ನಿಂದ ಇಥೀರಿಯಂ ಅನ್ನುವ ಕ್ರಿಪ್ಟೊ ಹಣ ಗಳಿಸುವ ಮೈನಿಂಗ್ ನಿಂತ ಮೇಲೆ ಹಳೆಯ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದಿದ್ದವು. ಆರ್‌ಎಕ್ಸ್ 580 ಅಗ್ಗಕ್ಕೆ ಸಿಗುತ್ತಿತ್ತು. ಅದರಲ್ಲೂ ಎರಡು ಥರ ಇವೆ: ಅಸಲಿಯಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ (ಚಿತ್ರ ಬಿಡಿಸುವ ಪುಟ್ಟ ಘಟಕ), ಇನ್ನೊಂದರಲ್ಲಿ 2048. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ತೆರೆದು ನೋಡಬೇಕು. ಬಿಲ್ ಇಲ್ಲ, ವಾರಂಟಿ ಇಲ್ಲ ಅಂದಾಗ ನಾನು ಆ ಕಡೆ ಹೋಗಲಿಲ್ಲ.

ಪ್ರೊಸೆಸರ್ ವಿಷಯದಲ್ಲಿ ಇಂಟೆಲ್ ಐ3-12100ಎಫ್ ನಿಜವಾಗಿಯೂ ಒಳ್ಳೆಯದು. ನಾಲ್ಕು ಕೋರ್, ಎಂಟು ಥ್ರೆಡ್, ಬೆಲೆಯೂ ಕಡಿಮೆ. ಆದರೆ ಆಟದ ಜೊತೆ ನನಗೆ ಡಿಸ್ಕಾರ್ಡ್, ಬ್ರೌಸರ್ ತೆರೆದೇ ಇರಬೇಕು. ಹಾಗಾಗಿ ಆರು ಕೋರ್‌ನ ರೈಜನ್ 5 5600 ತಗೊಂಡೆ, 12 ಸಾವಿರ. ಡಬ್ಬಿಯಲ್ಲೇ ಕೂಲರ್ ಬರುತ್ತದೆ, ಬೇರೆ ಬೇಕಾಗಿಲ್ಲ. ಅಂಗಡಿಯಲ್ಲಿ "5600ಜಿ ತಗೊಳ್ಳಿ ಸರ್, ಗ್ರಾಫಿಕ್ಸ್ ಒಳಗೇ ಇದೆ" ಅಂದರು. ಕಾರ್ಡ್ ಆಮೇಲೆ ಕೊಳ್ಳುವವರಿಗೆ ಅದು ಸರಿ. ಕಾರ್ಡ್ ಈಗಲೇ ಹಾಕುವವರಿಗೆ ನಷ್ಟ, ಯಾಕೆಂದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದ್ದರೆ ಜಿಯಲ್ಲಿ 16 ಮಾತ್ರ.

ಹೆಸರು ನೋಡಿ ಮರುಳಾಗಬೇಡಿ. "ಐ7, 16 ಜಿಬಿ ರ‍್ಯಾಮ್, 20 ಸಾವಿರಕ್ಕೆ ಗೇಮಿಂಗ್ ಪಿಸಿ" ಅಂತ ಜಾಹೀರಾತು ಬರುತ್ತಲೇ ಇರುತ್ತವೆ. ಒಳಗೆ ನೋಡಿದರೆ 2013ರ ನಾಲ್ಕನೇ ತಲೆಮಾರಿನ ಐ7 ಇರುತ್ತದೆ. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಸುರಕ್ಷತಾ ಸೌಲಭ್ಯ ಬೇರೆ ಕೇಳುತ್ತದೆ. ನಾನು ತಗೊಂಡ ಬೋರ್ಡ್‌ನಲ್ಲಿ ಇವೆರಡನ್ನೂ ಬಯಾಸ್‌ನಲ್ಲೇ (ಪಿಸಿ ಆನ್ ಆದ ಕೂಡಲೇ ಓಡುವ, ಬೋರ್ಡ್‌ನೊಳಗಿನ ಸಾಫ್ಟ್‌ವೇರ್) ಆನ್ ಮಾಡಬಹುದು.

ಮದರ್‌ಬೋರ್ಡ್‌ಗೆ ಬಿ450ಎಂ ಸಾಕಾಯಿತು, ಆರೂವರೆ ಸಾವಿರ. ಈ ಚಿಪ್‌ಸೆಟ್ ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಬಯಾಸ್ ಹಳೆಯದಾಗಿದ್ದರೆ ಪ್ರೊಸೆಸರ್ ಗುರುತೇ ಸಿಗದೆ ಪರದೆ ಕಪ್ಪಾಗಿ ಕೂರುತ್ತದೆ. ಹಾಗಾಗಿ ದುಡ್ಡು ಕೊಡುವ ಮುಂಚೆ ಬೆಂಗಳೂರಿನ ಎಸ್‌ಪಿ ರೋಡ್‌ನ ಅಂಗಡಿಯವರಿಗೆ ಹೇಳಿ ಬಯಾಸ್ ಅಪ್‌ಡೇಟ್ ಮಾಡಿಸಿಕೊಂಡೆ. ಬೋರ್ಡ್ ಜೆನ್ 3 ಆದ್ದರಿಂದ ಎಸ್‌ಎಸ್‌ಡಿಯೂ ಜೆನ್ 3 ಎನ್‌ವಿಎಂಇ (ಬೋರ್ಡ್‌ಗೇ ನೇರ ಕೂರುವ ಥರ), 1 ಟಿಬಿ. ಜೆನ್ 4ಗೆ ಸುಮ್ನೆ ಜಾಸ್ತಿ ಕೊಟ್ಟು ಉಪಯೋಗವಿಲ್ಲ. ಹಾರ್ಡ್ ಡಿಸ್ಕ್ ಹಾಕಲೇ ಇಲ್ಲ.

ರ‍್ಯಾಮ್ 16 ಜಿಬಿ, ಡಿಡಿಆರ್4 3200 (3200 ಅನ್ನುವುದು ಅದರ ವೇಗ). ಆದರೆ 16ರದ್ದು ಒಂದಲ್ಲ, 8ರದ್ದು ಎರಡು. ಎರಡು ಇದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಪ್ರೊಸೆಸರ್‌ಗೆ ಡೇಟಾ ಬೇಗ ಸಿಗುತ್ತದೆ. "ಮುಂದೆ ಇನ್ನೊಂದು ಹಾಕಿಕೊಳ್ಳಬಹುದು" ಅಂತ ಒಂದೇ ತಗೊಂಡು ವರ್ಷಗಟ್ಟಲೆ ಹಾಗೇ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ನಾನು ಯಾವತ್ತೂ ಹಟ ಹಿಡಿಯುವ ಪಾರ್ಟ್‌ಗೆ ಬರುತ್ತೇನೆ: ಎಸ್‌ಎಂಪಿಎಸ್, ಅಂದರೆ ಎಲ್ಲ ಪಾರ್ಟ್‌ಗೂ ಕರೆಂಟ್ ಕೊಡುವ ಡಬ್ಬಿ. "ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಬರುತ್ತೆ ಸರ್, ಯಾಕೆ ಖರ್ಚು?" ಅಂತ ಕೇಳುತ್ತಾರೆ. ಆ ಫ್ರೀ ಡಬ್ಬಿಯ ಪಕ್ಕದ ಲೇಬಲ್ ಓದಿ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತದೆ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಆ ಸಾಲಿನಿಂದಲೇ. ಎಷ್ಟೋ ಸಲ ಅದು 200 ವ್ಯಾಟ್ ಸುತ್ತಲೇ ನಿಲ್ಲುತ್ತದೆ, ಕಾರ್ಡ್‌ಗೆ ಬೇಕಾದ 8 ಪಿನ್ ಕನೆಕ್ಟರ್ ಕೂಡ ಇರುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು. 6600ಗೆ 132 ವ್ಯಾಟ್, 5600ಗೆ 65 ಅಂತ ಬರೆದಿದ್ದರೂ ಒತ್ತಡದಲ್ಲಿ 76ರವರೆಗೆ. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಸೇರಿದರೆ ಒಟ್ಟು 250ರ ಹತ್ತಿರ. ಗ್ರಾಫಿಕ್ಸ್ ಕಾರ್ಡ್ ಕ್ಷಣಕಾಲ ಇದಕ್ಕಿಂತ ಜಾಸ್ತಿ ಎಳೆಯುವುದೂ ಉಂಟು. ಆದ್ದರಿಂದ 550 ವ್ಯಾಟ್, 80 ಪ್ಲಸ್ ಬ್ರಾಂಜ್, ಐದು ವರ್ಷ ವಾರಂಟಿ ಇರುವುದನ್ನು ತಗೊಂಡೆ. 80 ಪ್ಲಸ್ ಅನ್ನುವುದು ಕರೆಂಟ್ ಎಷ್ಟು ವ್ಯರ್ಥವಾಗುತ್ತದೆ ಅನ್ನುವುದರ ಗುರುತು ಅಷ್ಟೇ. ಶಾರ್ಟ್ ಆದಾಗ, ವೋಲ್ಟೇಜ್ ಏರಿದಾಗ ಕಾಪಾಡುತ್ತದಾ ಅನ್ನುವುದನ್ನು ಬೇರೆಯಾಗಿ ವಿಚಾರಿಸಬೇಕು. ಮಳೆಗಾಲದಲ್ಲಿ ನಮ್ಮ ಶಿವಮೊಗ್ಗ ಕಡೆ ಕರೆಂಟ್ ಹೋಗುವುದು, ಬರುವುದು ನಡೆದೇ ಇರುತ್ತದೆ. ಮನೆಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಸಾಕು. ಮೂರನೇ ಪಿನ್‌ಗೆ ಅರ್ಥಿಂಗ್ ಸರಿಯಾಗಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಚೆಕ್ ಮಾಡಿಸಿ. ಇದಕ್ಕೆ ಹೆಚ್ಚು ದುಡ್ಡೇನೂ ಆಗುವುದಿಲ್ಲ.

ಕ್ಯಾಬಿನೆಟ್‌ನಲ್ಲಿ ನೋಡಿದ್ದು ಒಂದೇ: ಮುಂದೆ ಜಾಲರಿ ಇರಬೇಕು. ಗಾಜಿನ ಮುಖ, ಒಳಗೆ ಬಣ್ಣದ ಫ್ಯಾನ್ ಇರುವುದು ಚೆಂದ ಕಾಣುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ.

ಬಿಲ್ ಪಕ್ಕಾ ಬೇಕು. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೂ ಒಪ್ಪಬೇಡಿ. 18% ಜಿಎಸ್‌ಟಿ ಭಾರ ಅನಿಸಬಹುದು, ಆದರೆ ಕಾರ್ಡ್ ಕೆಟ್ಟ ದಿನ ಸರ್ವಿಸ್ ಸೆಂಟರ್‌ನವರು ಕೇಳುವುದು ಸೀರಿಯಲ್ ನಂಬರ್ ಮತ್ತು ಬಿಲ್. ನಾನು ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬಿಲ್‌ನಲ್ಲೇ ಬರೆಸಿಕೊಂಡೆ.

ಎಲ್ಲ ಸೇರಿ 64,600 ಆಯಿತು. ಈಗ ಇದೇ ಲಿಸ್ಟ್ ಹಿಡಿದು ಹೋದರೆ ಲೆಕ್ಕ ಬೇರೆಯೇ ಬರುತ್ತದೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆಯೇ ವಿಪರೀತ ಏರಿತು. ಇನ್ನೂ ಕಡಿಮೆ ದುಡ್ಡಿದೆ ಅನ್ನುವವರಿಗೆ ನಾನು ಹೇಳುವುದು: ಪ್ರೊಸೆಸರ್ ಐ3ಗೆ ಇಳಿಸಿ (ಅದಕ್ಕೆ ಹೊಂದುವ ಇಂಟೆಲ್ ಬೋರ್ಡ್ ಬೇಕು), ಎಸ್‌ಎಸ್‌ಡಿ 500 ಜಿಬಿಗೆ ಇಳಿಸಿ, ಎಸ್‌ಎಂಪಿಎಸ್ ಮಾತ್ರ ಮುಟ್ಟಬೇಡಿ. ಜೋಡಿಸಿ ಮುಗಿದ ಮೇಲೆ ಮೂರು ಕಡೆ ಕಣ್ಣಾಡಿಸಿ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇ ಪೋರ್ಟ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಿರಬೇಕು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಆಗಿರಬೇಕು, ಇಲ್ಲದಿದ್ದರೆ 3200ರ ರ‍್ಯಾಮ್ 2400 ಅಥವಾ 2666ರಲ್ಲೇ ಓಡುತ್ತಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಆರಿಸಿರಬೇಕು, ಎಷ್ಟೋ ಸಲ ಅದು ತಾನಾಗಿ 60ರಲ್ಲೇ ಇರುತ್ತದೆ.