ಓಸಿಎಲ್: ಚುಕ್ಕಿ ಎಲ್ಲಿ, ಬಾಣ ಎಲ್ಲಿ?

ಬದಿಯಡ್ಕದ ನಮ್ಮ ಮನೆ ಜಗಲಿಯಲ್ಲಿ ಕೂತು ಯುಎಂಎಲ್ (ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರದಲ್ಲಿ ಬರೆಯುವ ಭಾಷೆ) ಸರ್ಟಿಫಿಕೇಟ್ ಪರೀಕ್ಷೆಗೆ ಓದಿದ ಮಕ್ಕಳನ್ನು ನೋಡಿದ್ದೇನೆ. ಕ್ಲಾಸ್ ಚಿತ್ರ, ಅಂದರೆ ಯಾವ ಬಗೆಯ ವಸ್ತುಗಳಿವೆ, ಅವುಗಳ ನಂಟೇನು ಅಂತ ತೋರಿಸುವ ಚಿತ್ರ, ಎಲ್ಲರಿಗೂ ಬರುತ್ತದೆ. ಚಿತ್ರದಲ್ಲಿ ತೋರಿಸಲಾಗದ ನಿಯಮವನ್ನು ಓಸಿಎಲ್‌ನಲ್ಲಿ (ಆಬ್ಜೆಕ್ಟ್ ಕನ್‌ಸ್ಟ್ರೈಂಟ್ ಲ್ಯಾಂಗ್ವೇಜ್, ನಿಯಮ ಬರೆಯುವ ಭಾಷೆ) ಬರೆಯಿರಿ ಅಂದ ಕೂಡಲೇ ಮುಖ ಸಪ್ಪೆ.

ಮೊದಲಿಗೆ, ಓಸಿಎಲ್ ಏನನ್ನೂ ಬದಲಾಯಿಸುವುದಿಲ್ಲ. ಲೆಕ್ಕ ಹಾಕಿ ಉತ್ತರ ಹೇಳುತ್ತದೆ, ಅಷ್ಟೇ. ಜಾವಾ ಕಲಿತು ಬಂದವರು ಇಲ್ಲೂ ಬೆಲೆ ತುಂಬಿಸಲು ಹೋಗುತ್ತಾರೆ. ಅಂಥ ಆಯ್ಕೆ ಕಂಡರೆ ಹೊಡೆದು ಹಾಕಿ. ಸಮ ಅನ್ನಲು ಒಂದೇ =, ಸಮವಲ್ಲ ಅನ್ನಲು <>.

ಆಮೇಲೆ ಒಂದು ಚಿತ್ರ ಬರೆಯಿರಿ. ಪುಸ್ತಕದ ಬ್ಯಾಂಕ್ ಖಾತೆ ಬೇಡ ಮಾರಾಯ್ರೆ, ನಮ್ಮ ಯಕ್ಷಗಾನವೇ ಸಾಕು. ಆಟ (ಒಂದು ರಾತ್ರಿಯ ಪ್ರದರ್ಶನ), ವೇಷ (ಪಾತ್ರ), ಕಲಾವಿದ ಅಂತ ಮೂರು ಕ್ಲಾಸ್. ಒಂದು ಆಟಕ್ಕೆ ಹಲವು ವೇಷ, ಒಂದು ವೇಷಕ್ಕೆ ಒಬ್ಬ ಕಲಾವಿದ. ಆದರೆ ಒಬ್ಬನೇ ಒಂದು ರಾತ್ರಿಯಲ್ಲಿ ಎರಡು ವೇಷ ಕಟ್ಟಬಹುದು, ಅಲ್ವಾ?

ಎಡವುವ ಜಾಗ ಇದೇ. 'ಸೆಲ್ಫ್' ಅಂದರೆ ಇವತ್ತಿನ ಆಟ. ಸೆಲ್ಫ್.ವೇಷ ಅಂದರೆ ಒಂದು ಸೆಟ್, ಒಂದೇ ವಸ್ತು ಎರಡು ಸಲ ಬಾರದ ಗುಂಪು. ಇನ್ನೊಂದು ಹೆಜ್ಜೆ ಇಟ್ಟು ಸೆಲ್ಫ್.ವೇಷ.ಕಲಾವಿದ ಅಂದರೆ? ಹತ್ತರಲ್ಲಿ ಎಂಟು ಮಂದಿ ಸೆಟ್ ಅನ್ನುತ್ತಾರೆ. ಅಲ್ಲ, ಅದು ಬ್ಯಾಗ್, ಒಂದೇ ವಸ್ತು ಎಷ್ಟು ಸಲ ಬೇಕಾದರೂ ಇರಬಹುದಾದ ಗುಂಪು. ಸೆಟ್ ಮೇಲೆ ಚುಕ್ಕಿ ಇಟ್ಟರೆ ಒಳಗಿಂದ ನಡೆಯುವುದು ಕಲೆಕ್ಟ್, ಪ್ರತಿ ವೇಷದಿಂದಲೂ ಅದರ ಕಲಾವಿದನನ್ನು ಹೆಕ್ಕಿ ಹಾಕುತ್ತಾ ಹೋಗುತ್ತದೆ, ಅದೇ ಮನುಷ್ಯ ಎರಡನೇ ಸಲ ಬಂದರೂ ಬಿಡುವುದಿಲ್ಲ. 12 ವೇಷ, ಇಬ್ಬರದ್ದು ಎರಡೆರಡು ಅಂತಿಟ್ಟುಕೊಳ್ಳಿ. ಸೆಲ್ಫ್.ವೇಷ.ಕಲಾವಿದ->ಸೈಜ್() ಕೊಡುವುದು 12. ನಡುವೆ ->ಆ್ಯಸ್‌ಸೆಟ್() ಸೇರಿಸಿದರೆ 10. ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಊಟಕ್ಕೆ ಎಲೆ ಹಾಕುವವರಿಗೆ ಬೇಕಾದದ್ದು ಈ 10. ಚಿತ್ರದಲ್ಲಿ ಆಟಕ್ಕೂ ವೇಷಕ್ಕೂ ನಡುವಿನ ಗೆರೆಯ ವೇಷದ ತುದಿಯಲ್ಲಿ 'ಆರ್ಡರ್ಡ್' (ಕ್ರಮದಲ್ಲಿ) ಅಂತ ಬರೆದಿದ್ದರೆ ಮೊದಲ ಹೆಜ್ಜೆಗೆ ಆರ್ಡರ್ಡ್‌ಸೆಟ್, ಎರಡನೆಯದಕ್ಕೆ ಸೀಕ್ವೆನ್ಸ್, ಅಂದರೆ ಕ್ರಮವಿರುವ ಸೆಟ್, ಕ್ರಮವಿರುವ ಬ್ಯಾಗ್.

ಮೇಲೆ ಸೈಜ್‌ನ ಹಿಂದೆ ಇದ್ದ ಬಾಣ ಯಾವಾಗ? ಇಡೀ ಗುಂಪನ್ನು ಕೇಳುವಾಗ ಬಾಣ, ಒಳಗಿನ ಒಂದೊಂದನ್ನೂ ಕೇಳುವಾಗ ಚುಕ್ಕಿ. ಒಂಟಿ ವಸ್ತುವಿನ ಮೇಲೆ ಬಾಣ ಇಟ್ಟರೂ ತಪ್ಪಲ್ಲ, ಅದನ್ನು ಒಂದೇ ಇರುವ ಸೆಟ್ ಅಂತ ನೋಡುತ್ತದೆ. ಗೊಂದಲವಾದರೆ ಪ್ರತಿ ಹೆಜ್ಜೆಯ ಕೆಳಗೂ ಪೆನ್ಸಿಲ್‌ನಲ್ಲಿ ಅದರ ಟೈಪ್ ಬರೆಯಿರಿ. ಬಾಯಿಪಾಠಕ್ಕಿಂತ ಇದೇ ಮೇಲು, ಈ ವಿಷಯದಲ್ಲಿ ನಾನು ಹಠಮಾರಿ.

ಪ್ರಿ (ಕೆಲಸಕ್ಕೆ ಮೊದಲು ನಿಜವಿರಬೇಕಾದ ನಿಯಮ), ಪೋಸ್ಟ್ (ಕೆಲಸ ಮುಗಿದ ಮೇಲೆ ನಿಜವಿರಬೇಕಾದದ್ದು) ಸುಲಭ. @ಪ್ರಿ (ಕೆಲಸಕ್ಕೆ ಮೊದಲಿದ್ದ ಬೆಲೆ) ಮತ್ತು 'ರಿಸಲ್ಟ್' (ಕೆಲಸ ಕೊಟ್ಟ ಉತ್ತರ) ಎರಡೂ ಪೋಸ್ಟ್‌ನಲ್ಲಿ ಮಾತ್ರ. 'ಇಂಪ್ಲೈಸ್' (ಇದಾದರೆ ಅದು) ಇದ್ದಲ್ಲಿ ಎಡಬದಿ ಸುಳ್ಳಾದರೆ ಇಡೀ ಮಾತು ನಿಜ.

ಫೋನಿನಲ್ಲಿ ಹರಿದಾಡುವ ಪ್ರಶ್ನೆಕಟ್ಟುಗಳಿಗೆ ದುಡ್ಡು ಕೊಡಬೇಡಿ. ಒಬ್ಬ ಹುಡುಗ ತಂದದ್ದರಲ್ಲಿ ಎರಡು ಹೆಜ್ಜೆಯ ಪ್ರಶ್ನೆಗೂ ಸೆಟ್ ಅಂತಲೇ ಉತ್ತರ ಇತ್ತು, ಅವನು ಅದನ್ನೇ ಉರು ಹೊಡೆದಿದ್ದ. ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯದವರ 'ಯೂಸ್' ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ಇದೇ ಆಟದ ಚಿತ್ರ ತುಂಬಿಸಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಾಲು ಬರೆಯಿರಿ. ಉತ್ತರದ ಪಕ್ಕದಲ್ಲೇ ಅದರ ಟೈಪ್ ಕೂಡ ಬರುತ್ತದೆ. ಪೆನ್ಸಿಲ್‌ನಲ್ಲಿ ಬರೆದದ್ದರ ಜೊತೆ ತಾಳೆ ನೋಡಿ.