ಹಳೆಯ ಮೋಟಾರ್ ಯಾಟ್ ಕೊಳ್ಳುವಾಗ ಮೊದಲು ಎಂಜಿನ್ ಮುಟ್ಟಿ ನೋಡಿ

ವಾಸಕ್ಕೆಂದು ಹಳೆಯ ಮೋಟಾರ್ ಯಾಟ್, ಅಂದರೆ ಎಂಜಿನ್‌ನಿಂದ ಓಡುವ, ಒಳಗೆ ಕೋಣೆಗಳಿರುವ ದೋಣಿ, ನೋಡಲು ಹೊರಟವರಿಗೆ ಒಂದು ಮಾತು. ಹತ್ತಿದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುನ್ನವೇ ಯಾರೋ ಅದನ್ನು ಓಡಿಸಿದ್ದಾರೆ. ತಣ್ಣಗಾದ ಮೇಲೆ ಬರುತ್ತೇನೆಂದು ಹೇಳಿ ಎದ್ದುಬನ್ನಿ. ತಣ್ಣಗಿರುವ ಡೀಸೆಲ್ ಎಂಜಿನ್ ಶುರುವಾಗಲು ಎಷ್ಟು ಒದ್ದಾಡುತ್ತದೆ ಎಂಬುದೇ ಅದರ ಜಾತಕ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಣ್ಣೆ ಉರಿಯುತ್ತಿದೆ ಎಂದುಕೊಳ್ಳಿ.

ಫೈಬರ್ ಗ್ಲಾಸ್ ಡೆಕ್ಕನ್ನು, ಅಂದರೆ ದೋಣಿಯ ಮೇಲಿನ ನೆಲವನ್ನು, ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದೆಡೆ ದಬ್ ಎಂದರೆ ಒಳಗಿನ ಮರ ನೀರು ಕುಡಿದು ಕೊಳೆತಿರಬಹುದು. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ನೀವೇ ಗೊತ್ತುಮಾಡಿದ ಸರ್ವೇಯರ್‌ಗೆ (ದೋಣಿ ಪರೀಕ್ಷಿಸುವ ತಜ್ಞರಿಗೆ) ತೋರಿಸದೆ ಹಣ ಕೊಡಬೇಡಿ. ಮಾರುವವರು ಕೊಡುವ ಹಳೆಯ ವರದಿ ನನಗಂತೂ ಬೇಡ.

ದುರಸ್ತಿಯಲ್ಲಿ ಸೋಫಾ, ಪರದೆಗಳ ಆಸೆ ಕೊನೆಗಿರಲಿ. ನಾನು ಮೊದಲು ಗೋಡೆಯ ಹಲಗೆಗಳನ್ನು ಚಂದ ಮಾಡಿಸಿ, ಆಮೇಲೆ ವೈರಿಂಗ್‌ಗಾಗಿ ಅವನ್ನೇ ಕಿತ್ತೆ! ನೀರಿನ ಮಟ್ಟದ ಕೆಳಗಿರುವ ಪ್ರತಿಯೊಂದು ವಾಲ್ವನ್ನೂ ಕೈಯಿಂದ ತಿರುಗಿಸಿ ನೋಡಿ. ಬಿಗಿದುಕೊಂಡಿದ್ದರೆ, ದೋಣಿ ನೀರಿನಿಂದ ಮೇಲೆತ್ತಿರುವಾಗಲೇ ಬದಲಿಸಿ. ಹಾಸಿಗೆಯ ಕೆಳಗೆ ಗಾಳಿಯಾಡಲು ಪಟ್ಟಿಗಳನ್ನು ಹಾಕಿಸಿ, ಇಲ್ಲದಿದ್ದರೆ ಚಳಿಗಾಲದಲ್ಲಿ ಅಡಿಭಾಗವೆಲ್ಲ ಬೂಷ್ಟು ಹಿಡಿಯುತ್ತದೆ.